ಚತುರ್ಥೀ ವಿಭಕ್ತಿಯ ಗಂಡ

ಇಂಗ್ಲಿಷಿನಲ್ಲಿ ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಶನ್ ಎಂಬ ಪದವೊಂದಿದೆ. ಯಾವುದನ್ನಾದರೂ, ಯಾರನ್ನಾದರೂ 'ಇದೇನು ಮಹಾ' ಎಂದು ತಳ್ಳಿಹಾಕುವುದು, ಕಾಸಿನ ಕಿಮ್ಮತ್ತೂ ಇಲ್ಲವೆಂದು ಎಣಿಸುವುದು ಅದರ ಅರ್ಥ. ಅವರ ಲಿಪಿಯಲ್ಲಿ ಬರೆದರೆ 29 ಅಕ್ಷರ. ಅದರಲ್ಲಿ 'ಐ' ಒಂಬತ್ತು ಸಲ ಬರುತ್ತದೆ, 'ಇ' ಮಾತ್ರ ಮದ್ದಿಗೂ ಇಲ್ಲ. ನಮ್ಮ ಲಿಪಿ ಧಾರಾಳದ್ದು, ಹನ್ನೆರಡೂವರೆ ಅಕ್ಷರದಲ್ಲಿ ಕೆಲಸ ಮುಗಿಯುತ್ತದೆ. ಆ ಅರೆ ಎಂದರೆ ಕೊನೆಯ 'ನ್'. ಒಟ್ಟು ಎಂಟು ಗುಡಿಸು.

ಈ ಗುಡಿಸಿನ ಲೆಕ್ಕವನ್ನು ನಾನು ದೊಡ್ಡ ಸಂಶೋಧನೆ ಎಂಬ ಹೆಮ್ಮೆಯಿಂದ ಹೆಂಡತಿಗೆ ಹೇಳಿದೆ. ಅವಳು ಬಾಗಿಲ ಹಿಂದಿನ ಪೊರಕೆಯ ಕಡೆಗೊಮ್ಮೆ ಕಣ್ಣು ಹಾಯಿಸಿ, "ಬಾಯಲ್ಲಿ ಎಂಟು ಗುಡಿಸೋ ಬದಲು ಕೈಯಲ್ಲಿ ಒಂದು ಸಲ ಗುಡಿಸಿದ್ರೆ ಹಾಲ್ ಆದ್ರೂ ಚೊಕ್ಕ ಆಗ್ತಿತ್ತು" ಎಂದು ಒಳಗೆ ಹೋದಳು.

ನೋಡಿ, ಇಂಗ್ಲಿಷಿನವರು 29 ಅಕ್ಷರ ಖರ್ಚು ಮಾಡಿ, ನಾಲಿಗೆ ನುಲಿಸಿಕೊಂಡು ಮಾಡುವ ಕೆಲಸ ನಮ್ಮ ಮನೆಯಲ್ಲಿ ಪೊರಕೆ ನೋಡುವಷ್ಟರಲ್ಲಿ ಆಗಿಹೋಗುತ್ತದೆ.

ಈ ಪದ ನನ್ನ ತಲೆಗೆ ಹತ್ತಿದ್ದು ಶಶಿ ತರೂರ್ ಅವರ ದೆಸೆಯಿಂದ. 2018ರ ಅಕ್ಟೋಬರಿನಲ್ಲಿ ಅವರು 'ದಿ ಪ್ಯಾರಡಾಕ್ಸಿಕಲ್ ಪ್ರೈಮ್ ಮಿನಿಸ್ಟರ್' ಎಂಬ ತಮ್ಮ ಹೊಸ ಪುಸ್ತಕದ ಸುದ್ದಿಯನ್ನು ಟ್ವಿಟರ್‌ನಲ್ಲಿ ಹಾಕಿದರು. ಇದು ಬರಿಯ ಅದಲ್ಲ, 400 ಪುಟದಲ್ಲಿ ಅದಕ್ಕಿಂತ ಹೆಚ್ಚಿನದೇ ಇದೆ ಎಂದು ಹೇಳುವಾಗ, ಆ 'ಅದು' ಇರಬೇಕಾದ ಜಾಗದಲ್ಲಿ ಈ ಪದವನ್ನು ಕೂರಿಸಿದರು. ದೇಶದ ಜನ ಪುಸ್ತಕವನ್ನು ಬಿಟ್ಟು ನಿಘಂಟನ್ನು ಹುಡುಕಿದರು. ಪ್ರಧಾನಿಯನ್ನು ಬೈದಿದ್ದಾರೋ ಹೊಗಳಿದ್ದಾರೋ ತಿಳಿಯುವ ಮೊದಲೇ ಅರ್ಧ ಜನರಿಗೆ ಸುಸ್ತಾಗಿತ್ತು.

ನಾನು ಆಗಷ್ಟೇ ಬ್ಯಾಂಕಿನಿಂದ ನಿವೃತ್ತನಾಗಿ ಮೈಸೂರಿಗೆ ಬಂದು ಕೂತಿದ್ದೆ. ನಿವೃತ್ತ ಬ್ಯಾಂಕ್ ಮ್ಯಾನೇಜರನಿಗೆ ಬೆಳಗಿನ ಪೇಪರ್ ಮುಗಿದ ಮೇಲೆ ರಾತ್ರಿಯ ವಾರ್ತೆಯವರೆಗೆ ಹೇಳಿಕೊಳ್ಳುವಂಥ ಕೆಲಸವಿರುವುದಿಲ್ಲ. ಹಾಗಾಗಿ ಈ ಪದವನ್ನು ಬಾಯಿಪಾಠ ಮಾಡಲು ಹೊರಟೆ. ಸ್ನಾನದ ಮನೆಯೇ ಪ್ರಶಸ್ತ ಎನಿಸಿ, ಬಾಗಿಲು ಹಾಕಿಕೊಂಡು 'ಫ್ಲಾಕ್ಸಿ, ನಾಸಿ, ನಿಹಿಲಿ, ಪಿಲಿ' ಎಂದು ಒಂದೊಂದೇ ತುಂಡು ಹೇಳಿಕೊಳ್ಳುತ್ತಿದ್ದೆ. ಹೊರಗಿನಿಂದ ದನಿ ಬಂತು: "ರೀ, ಗಂಟಲು ಮುಕ್ಕಳಿಸೋದಾದ್ರೆ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕ್ಕೊಳ್ಳಿ."

ಬ್ಯಾಂಕಿನಲ್ಲಿ ನನ್ನ ಕೆಲಸವೇ ಬೆಲೆ ಕಟ್ಟುವುದು. ಯಾರೋ ಸೈಟಿನ ಪತ್ರ ತರುತ್ತಿದ್ದರು, ಯಾರೋ ತೋಟದ ಪಹಣಿ ತರುತ್ತಿದ್ದರು, ಮಗಳ ಮದುವೆಗೆಂದು ಅವ್ವನ ಕಾಲದ ಅವಲಕ್ಕಿ ಸರ ತರುತ್ತಿದ್ದರು. ನಮ್ಮ ಅಪ್ರೈಸರ್ ಒರೆಗಲ್ಲಿಗೆ ತಿಕ್ಕಿ, ತೂಗಿ, ಹರಳಿನ ತೂಕ ಕಳೆದು ಒಂದು ಅಂಕಿ ಹೇಳುತ್ತಿದ್ದ. ಅದರ ಶೇಕಡಾ 75ರ ಒಳಗೆ ಸಾಲ ಎಂದು ನಾನು ಸಹಿ ಹಾಕುತ್ತಿದ್ದೆ. ಎದುರಿನ ಕುರ್ಚಿಯಲ್ಲಿ ಕೂತವರ ಮುಖ ಆ ಅಂಕಿ ಕೇಳಿ ಸಣ್ಣಗಾಗುತ್ತಿತ್ತು. "ಅಷ್ಟೇನಾ ಸಾರ್?" ಎನ್ನುತ್ತಿದ್ದರು. ನಾನು ಕನ್ನಡಕದ ಮೇಲಿಂದ ನೋಡಿ, "ರೂಲ್ಸ್ ಇರೋದೇ ಹಾಗೆ" ಎನ್ನುತ್ತಿದ್ದೆ. ಹೀಗೆ ಊರಿನವರ ಒಡವೆಯನ್ನೆಲ್ಲ ನಾನು ಕುರ್ಚಿಯ ಬಲದಿಂದ ಫ್ಲಾಕ್ಸಿನಾಸಿ ಇತ್ಯಾದಿ ಮಾಡಿಕೊಂಡೇ ಸಂಬಳ ಎಣಿಸಿದವನು.

ಈಗ ತಕ್ಕಡಿ ಮನೆಯವರ ಕೈಯಲ್ಲಿದೆ. ಬ್ಯಾಂಕಿನ ಭಾಷೆಯಲ್ಲಿ ಒಂದು ಸಾಲದಿಂದ 90 ದಿನ ಅಸಲೂ ಬಡ್ಡಿಯೂ ಬಾರದಿದ್ದರೆ ಅದು ಎನ್‌ಪಿಎ, ಅಂದರೆ ಹೆಸರಿಗೆ ಆಸ್ತಿ, ಆದಾಯಕ್ಕೆ ಸೊನ್ನೆ. ನಮ್ಮ ಮನೆಯವರು ರಿಸರ್ವ್ ಬ್ಯಾಂಕಿನಷ್ಟು ಕರುಣಾಳುಗಳಲ್ಲ. ಬೀಳ್ಕೊಡುಗೆಯ ಹಾರ ಬಾಡುವ ಮೊದಲೇ ನನ್ನನ್ನು ಆ ಪಟ್ಟಿಗೆ ಸೇರಿಸಿದರು.

ಪದದ ಹುಟ್ಟಿನ ಕಥೆ ಓದಿದಾಗ ನನಗೆ ರೋಮಾಂಚನವಾಯಿತು, ಏಕೆಂದರೆ ಅದೂ ಬೆಲೆ ಕಟ್ಟುವ ಕಥೆಯೇ. ಇಂಗ್ಲೆಂಡಿನ ಈಟನ್ ಶಾಲೆಯಲ್ಲಿ ಹುಡುಗರಿಗೆ ಲ್ಯಾಟಿನ್ ವ್ಯಾಕರಣ ಉರು ಹೊಡೆಸುತ್ತಿದ್ದರು. ಅದರಲ್ಲಿ ಬೆಲೆಯನ್ನು ಹೇಳುವಾಗ ಷಷ್ಠೀ ವಿಭಕ್ತಿ ಹಾಕಬೇಕೆಂಬ ನಿಯಮವಿದೆ. ಇಂಥವನನ್ನು ನಾನು ಉಣ್ಣೆಯ ಎಳೆಯಷ್ಟಕ್ಕೂ ಎಣಿಸುವುದಿಲ್ಲ ಎನ್ನಬೇಕಾದರೆ ಫ್ಲಾಕ್ಸಿ. ಕೆಲಸಕ್ಕೆ ಬಾರದ ಚೂರಿನಷ್ಟಕ್ಕೂ ಎಣಿಸದಿದ್ದರೆ ನಾಸಿ. ಏನೂ ಅಲ್ಲವೆಂದರೆ ನಿಹಿಲಿ. ಒಂದು ಕೂದಲಿನಷ್ಟೂ ಇಲ್ಲವೆಂದರೆ ಪಿಲಿ. ಪಟ್ಟಿಯಲ್ಲಿ ಇನ್ನೂ ಇವೆ. ರೋಮಿನ ಚಿಲ್ಲರೆ ಕಾಸಿನ ಹೆಸರು ಬರುತ್ತದೆ, ಅದರ ಕಾಲುಭಾಗದ ಹೆಸರೂ ಬರುತ್ತದೆ. 'ಇಷ್ಟು' ಎಂಬ ಅರ್ಥದ ಒಂದು ಪದವಂತೂ ಚಿಟಿಕೆ ಹೊಡೆದು ಹೇಳುವಂಥದು. ಇವುಗಳಲ್ಲಿ ಮೊದಲ ನಾಲ್ಕನ್ನು ಒಂದರ ಬಾಲಕ್ಕೆ ಒಂದು ಕಟ್ಟಿ, ಕೊನೆಗೆ 'ಮಾಡುವಿಕೆ' ಎಂಬ ಪ್ರತ್ಯಯ ಅಂಟಿಸಿ, ಯಾರೋ ತುಂಟ ಹುಡುಗರು ಈ ಪದವನ್ನು ಹೊಸೆದರೆಂದು ಹೇಳುತ್ತಾರೆ. ನಂಬಬಹುದು. ವಿಭಕ್ತಿ ಬಾಯಿಪಾಠ ಮಾಡದೆ ಏಟು ತಿಂದ ಹುಡುಗರು ಹೀಗಲ್ಲದೆ ಮತ್ತೆ ಹೇಗೆ ಸೇಡು ತೀರಿಸಿಕೊಂಡಾರು?

ಈ ನಾಲ್ಕು ತುಂಡುಗಳನ್ನು ನನ್ನ ಮೇಲೆ ಪ್ರಯೋಗಿಸಿ ನೋಡಿಕೊಂಡೆ. ಉಣ್ಣೆಯ ವಿಷಯದಲ್ಲಿ ನನ್ನ ಸ್ವೆಟರ್ ಸಾಕ್ಷಿ. ಅದರ ಒಂದು ತೋಳು ಈಗ ಸ್ಟೌವ್ ಒರೆಸುವುದಕ್ಕೂ ಇನ್ನೊಂದು ತೋಳು ಬಿಸಿ ಪಾತ್ರೆ ಇಳಿಸುವುದಕ್ಕೂ ಬಡ್ತಿ ಪಡೆದಿವೆ. ಕೆಲಸಕ್ಕೆ ಬಾರದ ಚೂರುಗಳೆಂದರೆ ನನ್ನ ಮೇಜಿನ ಖಾನೆ, ಅದರ ಬಗ್ಗೆ ಮನೆಯಲ್ಲಿ ಒಮ್ಮತವಿದೆ. 'ಏನೂ ಅಲ್ಲ' ಎಂಬುದು "ಯಾರ ಹತ್ರ ಮಾತಾಡ್ತಿದೀಯೇ?" ಎಂದು ಹೆಂಡತಿಯ ಅಕ್ಕ ಫೋನಿನಲ್ಲಿ ಕೇಳಿದಾಗ ಬರುವ ಉತ್ತರ: "ಯಾರೂ ಇಲ್ಲ ಕಣೇ, ಇವ್ರು." ಇನ್ನು ಕೂದಲು. ಕನ್ನಡಿ ನೋಡಿಕೊಂಡರೆ ರೋಮನ್ನರು ಅದನ್ನು ಕನಿಷ್ಠ ಬೆಲೆಯ ಅಳತೆ ಎಂದದ್ದು ನನಗೆ ಅನ್ಯಾಯವೆನಿಸುತ್ತದೆ. ನನ್ನ ತಲೆಯ ಮಟ್ಟಿಗೆ ಒಂದೊಂದು ಕೂದಲೂ ಸ್ಥಿರಾಸ್ತಿ.

ಬರಹದಲ್ಲಿ ಈ ಪದ ಮೊದಲು ಕಾಣಿಸಿಕೊಂಡದ್ದು 1741ರ ಒಂದು ಕಾಗದದಲ್ಲಿ. ಬರೆದವನು ವಿಲಿಯಂ ಶೆನ್‌ಸ್ಟನ್ ಎಂಬ ಕವಿ. ಯಾರೋ ಒಬ್ಬನು ಹಣವನ್ನು ಕ್ಯಾರೇ ಅನ್ನುತ್ತಿರಲಿಲ್ಲವಂತೆ, ಆ ಗುಣಕ್ಕಾಗಿಯೇ ತಾನು ಅವನನ್ನು ಮೆಚ್ಚಿದ್ದು ಎಂದು ಬರೆಯುವಾಗ ಈ ಪದ ಹಾಕಿದ್ದಾನೆ. ಅಂದರೆ ಅದು ಹುಟ್ಟಿದಾಗ ಮನುಷ್ಯರನ್ನು ಹೀನಾಯ ಮಾಡಲು ಬಂದದ್ದಲ್ಲ, ದುಡ್ಡನ್ನು ಹೀನಾಯ ಮಾಡಿದವನನ್ನು ಹೊಗಳಲು ಬಂದದ್ದು. ಜೀವಮಾನವಿಡೀ ಠೇವಣಿ ಸಂಗ್ರಹಿಸಿದ ನನಗೆ ಇದನ್ನು ಓದಿ ಎದೆ ಧಸಕ್ಕೆಂದಿತು.

ಈ ಶೆನ್‌ಸ್ಟನ್ ಸ್ವತಃ ಹಣವನ್ನು ಹೇಗೆ ಕಂಡ ಎಂಬುದು ಇನ್ನೂ ಸೊಗಸು. ಹೇಲ್ಸೋವನ್ ಎಂಬ ಊರಿನ ಬಳಿ ಲೆಸೋಸ್ ಎಂಬ ಅವನ ಜಮೀನಿತ್ತು. ಅದನ್ನು ಉದ್ಯಾನ ಮಾಡುತ್ತೇನೆಂದು ಹೊರಟು ತೊರೆ ತಿರುಗಿಸಿದ, ಜಲಪಾತ ಕಟ್ಟಿದ, ನಿಂತು ನೋಡುವ ಕಡೆಯಲ್ಲೆಲ್ಲ ಬೆಂಚು ಹಾಕಿಸಿದ. ದೇಶದ ದೊಡ್ಡವರೆಲ್ಲ ನೋಡಲು ಬಂದರು. ಆದರೆ ಅವನ ಚರಿತ್ರೆ ಬರೆದ ಸ್ಯಾಮ್ಯುಯೆಲ್ ಜಾನ್ಸನ್ ಒಳಗುಟ್ಟು ಬಿಚ್ಚಿಟ್ಟಿದ್ದಾನೆ: ತೋಟಕ್ಕೆ ಸುರಿದವನು ವಾಸದ ಮನೆಗೆ ಬಿಚ್ಚಲಿಲ್ಲ. ತಿರುಗಾಡಿ ಬರುವಷ್ಟರಲ್ಲಿ ಮುರುಕು ಸೂರಿನಿಂದ ಮಳೆ ಸುರಿದು ನೆಲವೆಲ್ಲ ನೀರಾಗಿರುತ್ತಿತ್ತು, ರಿಪೇರಿಗೆ ದುಡ್ಡಿರುತ್ತಿರಲಿಲ್ಲ, ತೋಪಿನಲ್ಲಿ ವನದೇವತೆಗಳಿಗಿಂತ ಸಾಲ ಕೊಟ್ಟವರೇ ಹೆಚ್ಚು ಸುಳಿದಾಡುತ್ತಿದ್ದರು.

ಇದನ್ನು ಊಟದ ಹೊತ್ತಿಗೆ ಹೇಳಿದೆ. ಹೆಂಡತಿ ಸಾರು ಬಡಿಸುತ್ತ ಒಂದೇ ಪ್ರಶ್ನೆ ಕೇಳಿದಳು.

"ಮದುವೆ ಆಗಿತ್ತಾ ಅವನಿಗೆ?"

"ಇಲ್ಲ, ಕೊನೇವರೆಗೂ ಬ್ರಹ್ಮಚಾರಿ."

"ಅದಕ್ಕೇ ಸೂರು ಸೋರ್ತಿತ್ತು" ಎಂದಳು. ಸಾಹಿತ್ಯ ವಿಮರ್ಶೆ ಅಲ್ಲಿಗೆ ಮುಗಿಯಿತು. ಮೂರು ಶತಮಾನಕ್ಕೆ ಹತ್ತಿರ ಬಂದ ಒಬ್ಬ ಕವಿಯ ಆರ್ಥಿಕ ತತ್ತ್ವವನ್ನು ಅವಳು ಒಂದು ಸೌಟಿನಲ್ಲಿ ಮೊಗೆದು ಹಾಕಿದ್ದಳು.

ಆಮೇಲೆ ಈ ಪದ ರಾಜಕಾರಣಿಗಳ ಪಾಲಾಯಿತು. 1999ರಲ್ಲಿ ಅಮೆರಿಕದ ಸೆನೆಟರ್ ಜೆಸ್ಸಿ ಹೆಲ್ಮ್ಸ್ ಅಣುಪರೀಕ್ಷೆ ನಿಷೇಧ ಒಪ್ಪಂದವನ್ನು ತಾನು ಲೆಕ್ಕಕ್ಕಿಡುವುದಿಲ್ಲ ಎನ್ನಲು ಬಳಸಿದ. 2012ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಜೇಕಬ್ ರೀಸ್-ಮಾಗ್ ಯುರೋಪಿನ ನ್ಯಾಯಾಧೀಶರ ಮೇಲೆ ಪ್ರಯೋಗಿಸಿದ. ಈಟನ್‌ನಲ್ಲಿ ಓದಿದವನು, ಅವನಿಗೆ ಹಕ್ಕಿತ್ತು ಬಿಡಿ. ಅವರೆಲ್ಲ ಮೈಕ್ ಮುಂದೆ ಹೇಳಿದವರು, ಹೇಳಿ ಮುಗಿಸುವವರೆಗೆ ಎದುರಿನವರು ಕಾಯಲೇಬೇಕು. ಮನೆಯಲ್ಲಿ ಆ ಅನುಕೂಲವಿಲ್ಲ. ಒಮ್ಮೆ ಹುಳಿಯಲ್ಲಿ ಉಪ್ಪು ಕಡಿಮೆಯಾದಾಗ ನಾನು ಧೈರ್ಯ ಮಾಡಿ, "ಇದು ನನ್ನ ನಾಲಿಗೆಯ ಫ್ಲಾಕ್ಸಿನಾಸಿನಿಹಿ..." ಎನ್ನುವಷ್ಟರಲ್ಲಿ ಉಪ್ಪಿನ ಡಬ್ಬಿ ಎದುರಿಗೆ ಬಂದು ಕುಕ್ಕಿ ಕೂತಿತ್ತು. 'ಲಿಪಿಲಿ' ಗಂಟಲಲ್ಲೇ ಉಳಿಯಿತು.

ಹೀನಾಯ ಮಾಡುವುದಕ್ಕೆ ಇಂಗ್ಲಿಷಿನಲ್ಲಿ ಎಲ್ಲರ ಬಾಯಲ್ಲೂ ಇರುವ ಚಿಕ್ಕ ಪದ 'ಬಿಲಿಟಲ್'. ಅದನ್ನು ಟಂಕಿಸಿದವನು ಥಾಮಸ್ ಜೆಫರ್ಸನ್, ಮುಂದೆ ಅಮೆರಿಕದ ಮೂರನೆಯ ಅಧ್ಯಕ್ಷನಾದವನು. ಪ್ಯಾರಿಸ್ಸಿನಲ್ಲಿ ಬ್ಯೂಫಾನ್ ಎಂಬ ದೊಡ್ಡ ಜೀವವಿಜ್ಞಾನಿ ಇದ್ದ. ಅಮೆರಿಕದ ನೆಲ ತಂಪು, ತೇವ, ಅಲ್ಲಿ ಹುಟ್ಟುವ ಪ್ರಾಣಿಗಳೆಲ್ಲ ಕುಳ್ಳು, ಯುರೋಪಿನಿಂದ ಕೊಂಡೊಯ್ದ ದನಕರುಗಳೂ ಅಲ್ಲಿ ಕುಗ್ಗುತ್ತವೆ ಎಂದು ಅವನು ಅಲ್ಲಿಗೆ ಹೋಗದೆಯೇ ಬರೆದಿದ್ದ. ಜೆಫರ್ಸನ್ನನಿಗೆ ಉರಿದುಹೋಯಿತು. ವರ್ಜೀನಿಯಾದ ಬಗ್ಗೆ ಬರೆದ ತನ್ನ ಪುಸ್ತಕದಲ್ಲಿ ಎರಡೂ ಕಡೆಯ ಪ್ರಾಣಿಗಳ ತೂಕದ ಪಟ್ಟಿ ಹಾಕಿದ. ಕಡಲಿನ ಅಮೆರಿಕದ ದಡದಲ್ಲಿ ನಿಸರ್ಗ ತನ್ನ ಸೃಷ್ಟಿಯನ್ನೆಲ್ಲ ಚಿಕ್ಕದು ಮಾಡುತ್ತದೆ ಎಂಬ ಬ್ಯೂಫಾನನ ವಾದವನ್ನು ಹೇಳುವಾಗ ಈ ಹೊಸ ಪದವನ್ನು ಬಳಸಿದ. 1787ರಲ್ಲಿ ಪುಸ್ತಕ ಲಂಡನ್ನಿನಲ್ಲಿ ಅಚ್ಚಾದಾಗ ಅಲ್ಲಿನ ವಿಮರ್ಶಕನೊಬ್ಬ ಆ ಪದವನ್ನೇ ಹಿಡಿದು, ಇದೆಂಥ ಇಂಗ್ಲಿಷು ಎಂದು ಆಡಿಕೊಂಡ. ಹೀನಾಯ ಮಾಡುವ ಪದ ಹುಟ್ಟಿದ ವರುಷಗಳಲ್ಲೇ ತಾನೂ ಹೀನಾಯಕ್ಕೆ ಒಳಗಾಯಿತು.

ಜೆಫರ್ಸನ್ ಪುಸ್ತಕಕ್ಕೇ ಬಿಡಲಿಲ್ಲ. ನ್ಯೂ ಹ್ಯಾಂಪ್‌ಶೈರಿನಿಂದ ಒಂದು ಮೂಸ್ ತರಿಸಿದ. ಮೂಸ್ ಎಂದರೆ ಕಡವೆಯ ಜಾತಿಯ ದೈತ್ಯ. ಅದನ್ನು ಹಿಮದಲ್ಲಿ ಬೇಟೆಯಾಡಿ, ಕಾಡಿನಿಂದ ಎಳೆಸಿ, ಎಲುಬು, ತೊಗಲು, ಕೊಂಬು ಪೆಟ್ಟಿಗೆಗೆ ತುಂಬಿಸಿ ಹಡಗಿನಲ್ಲಿ ಪ್ಯಾರಿಸ್ಸಿಗೆ ಕಳಿಸಿದರು. 1787ರ ಶರತ್ಕಾಲದಲ್ಲಿ ಅದು ಬ್ಯೂಫಾನನ ಬಾಗಿಲಿಗೆ ಹೋಯಿತು. ಹೋಗುವಷ್ಟರಲ್ಲಿ ಮೈಯ ಕೂದಲು ಬಹಳಷ್ಟು ಉದುರಿತ್ತು, ಉಳಿದದ್ದೂ ಉದುರುವ ಹಾಗಿದೆ ಎಂದು ಜೆಫರ್ಸನ್ನೇ ಕಾಗದದಲ್ಲಿ ಬರೆದ. ಕೊಂಬುಗಳು ಆ ಪ್ರಾಣಿಯವಲ್ಲ, ಅದೇ ಜಾತಿಯ ಇನ್ನೊಂದರವು ಎಂದು ಸಮಜಾಯಿಷಿಯನ್ನೂ ಸೇರಿಸಿದ. ಮುಂದಿನ ಏಪ್ರಿಲ್‌ನಲ್ಲಿ ಬ್ಯೂಫಾನ್ ತೀರಿಕೊಂಡ. ದೇಶದ ಮರ್ಯಾದೆಯನ್ನು ಬೋಳು ತೊಗಲಿನಲ್ಲಿ, ಎರವಲು ಕೊಂಬಿನಲ್ಲಿ ಎತ್ತಿ ಹಿಡಿಯಲು ಹೊರಟ ಆ ಮನುಷ್ಯನ ಮೇಲೆ ನನಗೆ ಹೇಳಲಾರದಷ್ಟು ಪ್ರೀತಿ ಬಂದಿದೆ.

ಏಕೆಂದರೆ ನನ್ನ ಬಳಿಯೂ ಒಂದು ಮೂಸ್ ಇದೆ. ಅತಿ ಹೆಚ್ಚು ಠೇವಣಿ ತಂದುದಕ್ಕೆ ವಲಯ ಕಚೇರಿಯವರು ಕೊಟ್ಟ ಹಿತ್ತಾಳೆಯ ಶೀಲ್ಡು ಅದು. ಮನೆಗೆ ಬೀಗರು ಬಂದಾಗ, "ಇವರು ಮನೇಲೇ ಇರ್ತಾರೆ" ಎಂದು ಹೆಂಡತಿ ಪರಿಚಯ ಮಾಡಿಕೊಟ್ಟ ಸಂಜೆ ಅದನ್ನು ಅಟ್ಟದಿಂದ ಇಳಿಸಿ, ಒರೆಸಿ, ಟಿವಿಯ ಪಕ್ಕಕ್ಕೆ ಇಟ್ಟೆ. ಮೆರುಗು ಕೈಗೆ ಅಂಟಿ ಬಂತು. ಹೆಸರಿನಲ್ಲಿ ಎರಡು ಅಕ್ಷರ ಉದುರಿದ್ದವು. ಈಗ ಅದು ಗಾಳಿಗೆ ಬಡಿದುಕೊಳ್ಳುವ ಹಿತ್ತಲ ಬಾಗಿಲಿಗೆ ಒತ್ತು ಕೊಟ್ಟು ನಿಂತಿದೆ, ಮತ್ತು ಒಪ್ಪಬೇಕಾದ ಮಾತೆಂದರೆ ಆ ಕೆಲಸವನ್ನು ಚೆನ್ನಾಗಿ ಮಾಡುತ್ತಿದೆ. ಅಮೆರಿಕದಲ್ಲಿರುವ ಮಗಳಿಗೆ ಫೋನಿನಲ್ಲಿ ಜೆಫರ್ಸನ್ನನ ಕಥೆ ಹೇಳುತ್ತಿದ್ದಾಗ ಅವಳಮ್ಮ ನಡುವೆ ಬಾಯಿ ಹಾಕಿ, "ಮೂಸ್ ಅಂತೆ! ನಿಮ್ಮಪ್ಪನ ಶೀಲ್ಡನ್ನ ಗುಜರಿಯವನೂ ಮೂಸಿ ನೋಡ್ಲಿಲ್ಲ ಕಣೇ" ಎಂದಳು. ಎರಡು ಖಂಡಗಳಲ್ಲಿ ಒಟ್ಟಿಗೆ ನಗು ಎದ್ದಿತು.

ಇಷ್ಟು ಹೇಳಿದರೆ ನನ್ನ ಹೆಂಡತಿ ಬಾಯಿಬಡುಕಿ ಎಂದು ಯಾರಾದರೂ ತಿಳಿದಾರು. ಇಲ್ಲ. ಅವಳ ದೊಡ್ಡ ಅಸ್ತ್ರಗಳು ಎರಡೇ, ಎರಡೂ ಮೆತ್ತಗಿನವು. ಒಂದು, "ಎಷ್ಟು ಕೊಟ್ರಿ?"

ದೇವರಾಜ ಮಾರುಕಟ್ಟೆಯಿಂದ ನಾನು ಚೀಲ ಹಿಡಿದು ಬಂದಾಗ ಈ ಪ್ರಶ್ನೆ ಹೊಸಿಲಲ್ಲೇ ಕಾಯುತ್ತಿರುತ್ತದೆ. ಲ್ಯಾಟಿನ್ ಪಂಡಿತರು ಬೆಲೆಗೊಂದು ವಿಭಕ್ತಿ ಇಟ್ಟರು. ನಮ್ಮಾಕೆ ಬದನೆಕಾಯಿಯ ಬೆಲೆ ಕೇಳಿ ನನ್ನ ಬೆಲೆ ಗೊತ್ತುಮಾಡುತ್ತಾಳೆ. ಇದಕ್ಕೆ ಸರಿಯುತ್ತರ ಎಂಬುದಿಲ್ಲ. ನಲವತ್ತು ಎಂದರೆ, "ನಿಮ್ಮ ಮುಖ ನೋಡಿ ಹೇಳಿದಾನೆ." ಮೂವತ್ತು ಎಂದರೆ, "ಅದಕ್ಕೇ ಹುಳುಕು ಹಾಕಿದಾನೆ." ಸರಿಯಾದ ಬೆಲೆಗೆ ಸರಿಯಾದ ಕಾಯಿ ತಂದ ದಿನ ಒಂದು ನಿಮಿಷ ತಿರುಗಿಸಿ ತಿರುಗಿಸಿ ನೋಡಿ, "ಇಷ್ಟೊಂದು ಯಾಕೆ ತಂದ್ರಿ?"

ಬ್ಯಾಂಕಿನ ಬುದ್ಧಿ ಉಪಯೋಗಿಸಿ ನಾನು ಒಂದು ಸಬ್ಸಿಡಿ ಯೋಜನೆ ಜಾರಿಗೆ ತಂದೆ. ಅರವತ್ತಕ್ಕೆ ತಂದ ಅವರೆಕಾಯಿಗೆ ಮೂವತ್ತು ಎಂದು ಹೇಳುವುದು, ಅಂತರವನ್ನು ಪಿಂಚಣಿಯಿಂದ ಸದ್ದಿಲ್ಲದೆ ಭರಿಸುವುದು. ಮೊದಲ ಬಾರಿಗೆ ಅವಳ ಹುಬ್ಬು ಮೇಲೇರಿತು. "ಪರವಾಗಿಲ್ವೇ" ಎಂದಳು. ನಾನು ಎದೆಯುಬ್ಬಿಸಿ ಕಾಫಿ ಕುಡಿಯುತ್ತಿರುವಾಗ ಹಿತ್ತಲ ಗೋಡೆಯ ಮೇಲಿಂದ ಅವಳ ಮಾತು ಕೇಳಿಸಿತು: "ನಮ್ಮೆಜಮಾನ್ರಿಗೆ ಮೂವತ್ತಕ್ಕೆ ಸಿಕ್ಕಿದೆ ಕಣ್ರೀ, ನಿಮಗೂ ತರಿಸಿಕೊಡ್ತೀನಿ, ಎಷ್ಟು ಕೆ.ಜಿ. ಬೇಕು?" ಪಕ್ಕದ ಮನೆಯವರು ಅವರ ಎದುರು ಮನೆಯವರಿಗೆ ಹೇಳಿದರು. ಅವರೆಯ ಕಾಲ ಮುಗಿಯುವವರೆಗೂ ಇಡೀ ಬೀದಿಯ ಹಿತಕಬೇಳೆ ಸಾರಿಗೆ ಅರ್ಧ ಖರ್ಚು ನನ್ನದು. ಸರ್ಕಾರಗಳು ಸಬ್ಸಿಡಿಯನ್ನು ನಿಲ್ಲಿಸಲಾರದೆ ಒದ್ದಾಡುವುದು ಏಕೆಂದು ಬ್ಯಾಂಕಿನಲ್ಲಿ ಇದ್ದಷ್ಟು ಕಾಲವೂ ನನಗೆ ಅರ್ಥವಾಗಿರಲಿಲ್ಲ.

ಎರಡನೆಯ ಅಸ್ತ್ರ "ಬಿಡಿ." ಪೂರ್ತಿ ರೂಪ "ಬಿಡಿ, ನಾನೇ ಮಾಡ್ಕೋತೀನಿ." ಬಲ್ಬು ಬದಲಾಯಿಸಲು ಸ್ಟೂಲು ಹತ್ತಿದಾಗ, ಕುಕ್ಕರಿನ ಮುಚ್ಚಳದೊಡನೆ ಸೆಣಸುವಾಗ, ಮೊಬೈಲಿನಲ್ಲಿ ಕರೆಂಟ್ ಬಿಲ್ ಕಟ್ಟಲು ಓಟಿಪಿಗಾಗಿ ಕಾದು ಕೂತಾಗ ಈ ಮಾತು ಬರುತ್ತದೆ. ಕೋಟಿಗಟ್ಟಲೆ ಸಾಲ ಮಂಜೂರು ಮಾಡಿದ ಕೈಯಿಂದ ಮೊಬೈಲನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿಕೊಂಡು ಹೋಗುತ್ತಾಳೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. "ಬಿಡಿ"ಗೆ ಎದುರಾಡಲು ಯಾವ ಭಾಷೆಯಲ್ಲೂ ಮಾತಿಲ್ಲ.

ಇಂತಿರುವಲ್ಲಿ ನಮ್ಮ ಮಾವನವರು ಕೆಲವು ದಿನ ಇದ್ದು ಹೋಗಲು ಬಂದರು. ಸಂಸ್ಕೃತ ಪಾಠಶಾಲೆಯಲ್ಲಿ ವ್ಯಾಕರಣ ಹೇಳಿ ನಿವೃತ್ತರಾದವರು. ಕಿವಿ ಮಂದ, ಸ್ಮರಣೆ ಚುರುಕು. ಅವರಿಗೆ ಈಟನ್ ಶಾಲೆಯ ನಿಯಮವನ್ನು ವಿವರಿಸಿದೆ, ಹೇಗಾದರೂ ಅಳಿಯನಿಗೂ ನಾಲ್ಕಕ್ಷರ ಬರುತ್ತದೆಂದು ತೋರಿಸಬೇಕಿತ್ತು.

"ಇದೇನು ಮಹಾ ಅಳಿಯಂದ್ರೆ? ಪಾಣಿನಿ ಎಂದೋ ಹೇಳಿಬಿಟ್ಟಿದಾನೆ" ಎಂದರು. ಇಡೀ ಲ್ಯಾಟಿನ್ ವ್ಯಾಕರಣ ಫ್ಲಾಕ್ಸಿನಾಸಿಗೆ ಒಳಗಾಯಿತು.

ಪಾಣಿನಿ ನಿಜಕ್ಕೂ ಹೇಳಿದ್ದಾನೆ. ಅಷ್ಟಾಧ್ಯಾಯಿಯ ಎರಡನೆಯ ಅಧ್ಯಾಯ, ಮೂರನೆಯ ಪಾದ, 17ನೆಯ ಸೂತ್ರ. 'ಎಣಿಸು' ಎಂಬ ಅರ್ಥದ ಧಾತುವನ್ನು ಅನಾದರದಿಂದ ಬಳಸುವಾಗ, ಯಾವುದರಷ್ಟಕ್ಕೂ ನೀನು ಸಮವಲ್ಲ ಎನ್ನುತ್ತೇವೋ ಆ ವಸ್ತುವಿಗೆ ದ್ವಿತೀಯೆಯ ಬದಲು ಚತುರ್ಥಿಯನ್ನೂ ಹಾಕಬಹುದು. ನಿನ್ನನ್ನು ಹುಲ್ಲೆಂದೂ ಎಣಿಸೆ ಎನ್ನಲು 'ತೃಣಂ' ಎಂದರೂ ಸರಿ, 'ತೃಣಾಯ' ಎಂದರೂ ಸರಿ. ಆದರೆ ಆ ವಸ್ತು ಪ್ರಾಣಿಯಾಗಿರಬಾರದು ಎಂಬುದು ಅವನ ಷರತ್ತು. ಆಮೇಲೆ ಬಂದ ವಾರ್ತಿಕಕಾರರಿಗೆ ಇದು ಒಪ್ಪಿಗೆಯಾಗಲಿಲ್ಲ. ಪ್ರಾಣಿಯ ಷರತ್ತು ತೆಗೆಯಿರಿ, ಅದರ ಬದಲು ದೋಣಿ, ಕಾಗೆ, ಅನ್ನ, ಗಿಳಿ, ನರಿ ಇವಿಷ್ಟನ್ನು ಬಿಡಿ ಎಂದರು. ಅಂದಮೇಲೆ ನಾಯಿಗೆ ಚತುರ್ಥಿ ಸಲ್ಲುತ್ತದೆ, ನರಿಗೆ ಸಲ್ಲುವುದಿಲ್ಲ.

"ಅಂದ್ರೆ ಯಾರನ್ನಾದ್ರೂ ನಾಯಿಗಿಂತ ಕಡೆ ಅನ್ನೋದಕ್ಕೆ ಶಾಸ್ತ್ರದ ಅನುಮತಿ ಇದೆ?" ಎಂದೆ.

"ಎರಡು ವಿಭಕ್ತೀಲೂ ಇದೆ" ಎಂದು ಮಾವ ಸಂತೋಷದಿಂದ ಹೇಳಿದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮನೆಯಲ್ಲಿ ನನ್ನ ಬಗ್ಗೆ ಆಡುವ ಮಾತುಗಳನ್ನು ಒಂದೊಂದಾಗಿ ನೆನೆಸಿಕೊಂಡೆ. ಕೆಲಸಕ್ಕೆ ಬಾರದವರು. ಲೆಕ್ಕಕ್ಕಿಲ್ಲದವರು. ಮೂರು ಕಾಸಿಗೂ ಪ್ರಯೋಜನವಿಲ್ಲ. ಹೆಸರಿಗೆ ಯಜಮಾನರು. ಊಟಕ್ಕೆ ಮೊದಲು, ಓಟಕ್ಕೆ ಕೊನೆ. ಇದ್ದೂ ದಂಡಕ್ಕೆ. ಯಾತಕ್ಕೂ ಬೇಡ. ಎದ್ದು ಕೂತೆ. ಕ್ಕೆ, ಕ್ಕೆ, ಗೆ, ಗೆ, ಕ್ಕೆ! ಪ್ರಥಮೆಯಲ್ಲಿ ನಾನು ಎಲ್ಲೂ ಇರಲಿಲ್ಲ. ಬ್ಯಾಂಕಿನಲ್ಲಿ ಮ್ಯಾನೇಜರು ಬಂದರು, ಮ್ಯಾನೇಜರು ಕೂತರು, ಮ್ಯಾನೇಜರು ಸಹಿ ಹಾಕಿದರು ಎಂದು ಕರ್ತೃವಾಗಿ ಮೆರೆದವನು ಈಗ ಮನೆಯಲ್ಲಿ ಕಾಯಂ ಚತುರ್ಥಿ. ನಿವೃತ್ತಿಯೆಂದರೆ ಸಂಬಳ ನಿಲ್ಲುವುದು ಎಂದುಕೊಂಡಿದ್ದೆ, ವಿಭಕ್ತಿಯೂ ಬದಲಾಗುತ್ತದೆಂದು ಯಾವ ಸರ್ಕ್ಯುಲರಿನಲ್ಲೂ ಬಂದಿರಲಿಲ್ಲ.

ಈ ಸಂಶೋಧನೆಯನ್ನು ಬೆಳಗಿನ ಕಾಫಿಯ ಹೊತ್ತಿಗೆ ಮಾವನವರ ಮುಂದಿಟ್ಟೆ. ಕಿವಿಯ ಹತ್ತಿರ ಬಾಗಿ, ಉದಾಹರಣೆಗಳನ್ನೆಲ್ಲ ಗಟ್ಟಿಯಾಗಿ ಹೇಳಬೇಕಾಯಿತು. ಹಾಲು ಹಾಕಲು ಬಂದ ಹುಡುಗ ಗೇಟಿನಲ್ಲೇ ನಿಂತು ಕೇಳಿ, ನನ್ನ ಕಡೆ ಮರುಕದಿಂದ ನೋಡಿ ಹೋದ. ಮಾವನವರು ಲೋಟ ಕೆಳಗಿಟ್ಟು ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿದರು. ಗಂಡ ಎಂಬುದು ಪ್ರಾಣಿಯೋ ಅ-ಪ್ರಾಣಿಯೋ ಎಂಬುದನ್ನು ಮೊದಲು ನಿರ್ಣಯಿಸಬೇಕು, ಆಮೇಲೆ ತಾನೇ ಚತುರ್ಥಿಯ ಮಾತು ಎಂದರು. ಕಡೆಗೆ ಅಡುಗೆ ಮನೆಯ ಕಡೆ ತಿರುಗಿ ಕೂಗಿದರು.

"ಮಗೂ, ನಿನ್ನ ಗಂಡನಿಗೆ ಯಾವ ವಿಭಕ್ತಿ ಅಂತೀಯಮ್ಮ?"

ಅವಳು ಪಂಡಿತರ ಮಗಳು. ಚಿಕ್ಕಂದಿನಲ್ಲಿ ಅಪ್ಪನ ಪಕ್ಕ ಕೂತು ಶಬ್ದರೂಪ ಒಪ್ಪಿಸಿದವಳು. ಒಗ್ಗರಣೆ ಚಟಪಟ ಎನ್ನುತ್ತಿದ್ದ ಸದ್ದಿನ ನಡುವೆಯೇ ಉತ್ತರ ಬಂತು.

"ಅವರಿಗೆ ಯಾವ ವಿಭಕ್ತೀನೂ ಹತ್ತಲ್ಲಪ್ಪ. ಅವರು ಅವ್ಯಯ."

ಲಿಂಗ, ವಚನ, ವಿಭಕ್ತಿ ಯಾವುದು ಬಂದರೂ ಬದಲಾಗದಿರುವುದು ಅವ್ಯಯ. ಕೈಯಿಂದ ಒಂದು ಕಾಸೂ ವ್ಯಯವಾಗದಿದ್ದರೂ ಅವ್ಯಯವೇ. ಮಾವನವರು ನಕ್ಕ ನಗೆಗೆ ಕಟ್ಟಿಸಿದ ಹಲ್ಲು ಸಡಿಲವಾಯಿತು. ಅದನ್ನು ಸರಿಮಾಡಿಕೊಂಡು, ಅವ್ಯಯಕ್ಕೆ ಪ್ರತ್ಯಯ ಅಂಟಿಸಿದರೂ ಅದು ಲೋಪವಾಗಿ ಹೋಗುತ್ತದೆ, ಎರಡನೆಯ ಅಧ್ಯಾಯ, ನಾಲ್ಕನೆಯ ಪಾದ, 82 ಎಂದರು. "ಬರ್ಕೊಳ್ಳಿ ಅಳಿಯಂದ್ರೆ, ಆಮೇಲೆ ಮರೆತುಹೋಗತ್ತೆ."

ಅವರೆಕಾಯಿಯ ಸಬ್ಸಿಡಿಯ ಲೆಕ್ಕವನ್ನು ಆ ಹೊತ್ತಿನಲ್ಲಿ ಬಾಯಿಬಿಡುವಂತಿರಲಿಲ್ಲ. ಸುಮ್ಮನೆ ಕ್ಯಾಲೆಂಡರಿನ ಹಾಳೆ ತಿರುವಿ, ಜೇಬಿನ ಪೆನ್ನು ತೆಗೆದು ಬರೆಯಲು ಹೊರಟೆ. ಹಾಳೆಯ ಮೇಲೆ ಗೀರು ಬಿತ್ತೇ ಹೊರತು ಅಕ್ಷರ ಮೂಡಲಿಲ್ಲ.

"ರೀಫಿಲ್ ಮುಗಿದು ದೀಪಾವಳಿಯಿಂದ ಹಾಗೇ ಇಟ್ಕೊಂಡಿದಾರೆ ಅಪ್ಪ" ಎಂದು ಒಳಗಿನಿಂದ ದನಿ ಬಂತು. "ಹೊಸದು ತರಿ ಅಂದ್ರೆ ಐದು ರೂಪಾಯಿ ಅಂತಾರೆ."